ದೀರ್ಘಕಾಲದ ಚರ್ಮದ ಉರಿಯೂತ ಮತ್ತು ಜೀನ್‌ಗಳ ಹತೋಟಿ

ಸೋರಿಯಾಸಿಸ್, ಇಸಬು, ಪಾರ್ಥೇನಿಯಂ ಅಲರ್ಜಿಯಂತಹ ವರ್ಷಗಟ್ಟಲೆ ಕಾಡುವ ಚರ್ಮರೋಗಗಳಲ್ಲಿ ಜೀನ್ ಕೆಟ್ಟಿರುವುದಕ್ಕಿಂತ ಅದರ ಹತೋಟಿ ತಪ್ಪಿರುವುದೇ ಹೆಚ್ಚು. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸಂಕೇತವಿರುವ ಭಾಗ ನೂರಕ್ಕೆ 2ಕ್ಕಿಂತ ಕಡಿಮೆ. ಸೋರಿಯಾಸಿಸ್, ಇಸಬಿನೊಂದಿಗೆ ನಂಟಿರುವ ವ್ಯತ್ಯಾಸಗಳಲ್ಲಿ ಬಹುಪಾಲು ಉಳಿದ ಭಾಗದಲ್ಲಿದ್ದು, ಯಾವ ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದನ್ನು ಏರುಪೇರು ಮಾಡುತ್ತವೆ. ಫಿಲಾಗ್ರಿನ್ ಜೀನ್ ಇದಕ್ಕೆ ದೊಡ್ಡ ಅಪವಾದ. ಅದರ ದೋಷದಿಂದ ಚರ್ಮದ ಹೊರತಡೆ ಸಡಿಲಾಗಿ ಇಸಬಿಗೆ ದಾರಿಯಾಗುತ್ತದೆಂದು 2006ರಲ್ಲಿ ತಿಳಿಯಿತು.

ಸೋರಿಯಾಸಿಸ್‌ನಲ್ಲಿ ಹತೋಟಿ ತಪ್ಪುವ ಬಗೆ ಸಾಕಷ್ಟು ಸ್ಪಷ್ಟವಾಗಿದೆ. ರೋಗನಿರೋಧಕ ಟಿ ಕೋಶಗಳು ಐಎಲ್-17 ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದರ ಸಂದೇಶ ತಲುಪಿದ ಚರ್ಮಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ನಿಯಂತ್ರಕ ಎಚ್ಚೆತ್ತು ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಉರಿಯೂತದ ಸಂದೇಶಗಳಿಗೆ ಕಡಿವಾಣ ಹಾಕುವ ಪ್ರೋಟೀನುಗಳೂ ದೇಹದಲ್ಲಿವೆ, ಸಾಕ್ಸ್-3 ಅವುಗಳಲ್ಲೊಂದು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2007ರಲ್ಲಿ ಸೋರಿಯಾಸಿಸ್ ಕಲೆಗಳಲ್ಲಿ ಜೀನ್‌ಗಳ ಕೆಲಸವನ್ನು ತಗ್ಗಿಸುವ ಮೈಕ್ರೋ ಆರ್‌ಎನ್‌ಎ-203 ಎಂಬ ಕಿರು ಅಣು ಹೆಚ್ಚಿದ್ದು, ಸಾಕ್ಸ್-3 ಕುಗ್ಗಿರುವುದನ್ನು ತೋರಿಸಿದರು. ಇವೆಲ್ಲ ಸೇರಿ, ಸುಮಾರು ಒಂದು ತಿಂಗಳಲ್ಲಿ ಮೇಲ್ಪದರಕ್ಕೆ ಬರಬೇಕಾದ ಕೋಶ ನಾಲ್ಕೈದು ದಿನದಲ್ಲೇ ಬಂದು, ಬಲಿಯದೆ ಬಿಳಿ ಹೊಟ್ಟಾಗಿ ಉದುರುತ್ತದೆ. ಉಜ್ಜಿದ, ಗೀರಿದ ಜಾಗದಲ್ಲೇ ಹೊಸ ಕಲೆ ಏಳುವುದನ್ನು ಜರ್ಮನಿಯ ವೈದ್ಯ ಕೋಬ್ನರ್ 1870ರ ದಶಕದಲ್ಲೇ ವಿವರಿಸಿದ್ದರು. ಆದ್ದರಿಂದ ರಬಕವಿ-ಬನಹಟ್ಟಿಯ ನೇಕಾರನಿಗೆ ಈ ರೋಗವಿದ್ದರೆ, ಮಗ್ಗದ ಕೆಲಸದಲ್ಲಿ ಮೈಯ ಯಾವ ಭಾಗ ಉಜ್ಜುತ್ತದೆ ಎಂಬ ಪ್ರಶ್ನೆಯೂ ಚಿಕಿತ್ಸೆಯ ಭಾಗವೇ.

ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳ ರೈತರಿಗೆ ಹೆಚ್ಚು ಹತ್ತಿರದ ಶತ್ರು ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆಯ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟಿ ಅದನ್ನು ಪರಕೀಯವಾಗಿಸುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ, ಕೆಲವರಿಗೆ ಬಿಸಿಲೂ ತಾಳದಾಗುತ್ತದೆ. ಇದಕ್ಕೆ ಬಳಸುವ ಅಜಾಥಿಯೋಪ್ರಿನ್ ಅಗ್ಗದ, ಪರಿಣಾಮಕಾರಿ ಔಷಧ. ಆದರೆ ಎನ್‌ಯುಡಿಟಿ-15 ಜೀನ್‌ನ ವ್ಯತ್ಯಾಸವಿರುವವರಲ್ಲಿ ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಭಾರತೀಯರಲ್ಲಿ ಈ ವ್ಯತ್ಯಾಸ ಯುರೋಪಿನವರಿಗಿಂತ ಹೆಚ್ಚಾಗಿರುವುದರಿಂದ ಮೊದಲ ವಾರಗಳ ರಕ್ತಪರೀಕ್ಷೆಯನ್ನು ಬಿಡುವಂತಿಲ್ಲ.

ವಾಸಿಯಾದಂತೆ ಕಂಡ ಚರ್ಮ ಪೂರ್ತಿ ಮೊದಲಿನಂತಾಗಿರುವುದಿಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳ ಬಿಗಿ ಉರಿಯೂತದ ಕಾಲದಲ್ಲಿ ಸಡಿಲಾಗಿ, ಜೀನ್‌ಗಳು ಸುಲಭವಾಗಿ ಚಾಲೂ ಆಗುವಂತಾಗುತ್ತದೆ. ಆ ಬಿಗಿ ಮುಂದೆಯೂ ಅಲ್ಲಲ್ಲಿ ಸಡಿಲವಾಗಿಯೇ ಉಳಿಯುತ್ತದೆಂದು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಲಿಗಳ ಚರ್ಮದ ಕಾಂಡಕೋಶಗಳಲ್ಲಿ ಕಂಡರು. ಮನುಷ್ಯರ ಹಳೆಯ ಕಲೆಯ ಜಾಗದಲ್ಲಿ ಸ್ಮೃತಿ ಟಿ ಕೋಶಗಳೂ ನೆಲೆಸಿರುತ್ತವೆ. ಮುಲಾಮು ನಿಲ್ಲಿಸಿದೊಡನೆ ಅದೇ ಜಾಗದಲ್ಲಿ ರೋಗ ಮರುಕಳಿಸುವುದರ ಹಿಂದೆ ಈ ನೆನಪಿನ ಕೈವಾಡವಿದೆ. ಹಾಗಾಗಿ ಈ ತಾಲ್ಲೂಕುಗಳ ವೈದ್ಯರು ರೋಗಿಯ ಹೊಲ, ಮಗ್ಗ, ನೂಲಿನ ಬಣ್ಣದ ತೊಟ್ಟಿಯ ವಿವರವನ್ನು ಕೇಳಿ ಬರೆದಿಡಬೇಕು. ಅಂಗಡಿಯಿಂದ ತಾನೇ ಕೊಂಡು ಹಚ್ಚುವ ಸ್ಟೆರಾಯ್ಡ್ ಮುಲಾಮನ್ನು ಬಿಡಿಸಬೇಕು. ಕಲೆ ಮಾಯವಾದ ಮೇಲೂ ರೋಗಿಯನ್ನು ಮತ್ತೆ ಮತ್ತೆ ಕರೆಸಿ ನೋಡಬೇಕು.