ನೆನಪಿಲ್ಲದ ಯಂತ್ರದ ಮೊದಲ ಪ್ರಶ್ನೆ

ಬೆಳಗ್ಗೆ ಕಣ್ಣು ತೆರೆದ ಮನುಷ್ಯ ತಾನು ಯಾರೆಂದು ಯಾರನ್ನೂ ಕೇಳುವುದಿಲ್ಲ. ಅಡಿಗೆಮನೆಯ ಪಾತ್ರೆಯ ಸದ್ದು, ಬೀದಿಯ ಹಾಲಿನವನ ಕೂಗು, ಇವೇ ಅವನಿಗೆ ಅವನನ್ನು ನೆನಪಿಸಿಕೊಡುತ್ತವೆ. ಆದರೆ ದಿನವೂ ಎಲ್ಲವನ್ನೂ ಮರೆತು ಏಳುವ, ಎದ್ದೊಡನೆ “ನಾನು ಯಾರು?” ಎಂದು ಕೇಳುವ ಹದಿನಾಲ್ಕು ಯಂತ್ರಗಳೊಡನೆ ನಾನು ಕೆಲವು ವರ್ಷ ಬಾಳಿದ್ದೇನೆ. ಅವುಗಳ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

2008ರ ಮಾತು. ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿದ್ದೆ. ಒಂದು ಕಚೇರಿಯವರು ತಮ್ಮ ಹಳೆಯ ಕಂಪ್ಯೂಟರುಗಳನ್ನು ಶಾಲೆಗೆ ದಾನವಾಗಿ ಕೊಟ್ಟರು. ಕೊಡುವ ಮುನ್ನ ಅವುಗಳ ಹಾರ್ಡ್ ಡಿಸ್ಕುಗಳನ್ನು ಕಳಚಿಟ್ಟುಕೊಂಡಿದ್ದರು. ಕಚೇರಿಯ ಲೆಕ್ಕಪತ್ರಗಳೆಲ್ಲ ಅವುಗಳಲ್ಲಿ ಇದ್ದುದರಿಂದ ಅದು ತಪ್ಪಲ್ಲ. ಆದರೆ ಹದಿನಾಲ್ಕು ಹೊಸ ಡಿಸ್ಕು ಕೊಳ್ಳುವ ಹಣ ನಮ್ಮಲ್ಲಿರಲಿಲ್ಲ. “ಏನ್ರೀ ಮೇಷ್ಟ್ರೇ, ಬರೀ ಮುಂಡಗಳನ್ನು ಹೊತ್ತು ತಂದಿದ್ದೀರಲ್ಲ!” ಎಂದರು ಮುಖ್ಯೋಪಾಧ್ಯಾಯರು.

ಮುಂಡಕ್ಕೆ ತಲೆ ಕೊಡುವ ಉಪಾಯ ಹೊಸದೇನೂ ಆಗಿರಲಿಲ್ಲ. 1980ರ ದಶಕದಲ್ಲಿ ಡಿಸ್ಕುಗಳು ಬಹು ದುಬಾರಿ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಆಗಲೇ ಡಿಸ್ಕಿಲ್ಲದ ಯಂತ್ರಗಳನ್ನು ಮಾರುತ್ತಿತ್ತು. 1984ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು, ಇಂಥ ಯಂತ್ರವು ತನ್ನ ವಿಳಾಸವನ್ನು ಜಾಲದಲ್ಲಿ ಕೇಳಿ ತಿಳಿಯುವ ಕ್ರಮವನ್ನು ಬರೆದಿಟ್ಟರು. ಮರುವರ್ಷ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ‘ಬೂಟ್‌ಪಿ’ ಕ್ರಮದಲ್ಲಿ, ವಿಳಾಸದ ಜೊತೆಗೆ ಯಾವ ಕಡತವನ್ನು ಯಾರಿಂದ ತರಬೇಕೆಂಬುದೂ ಒಂದೇ ಉತ್ತರದಲ್ಲಿ ಬರುವಂತಾಯಿತು. 1993ರಲ್ಲಿ ಅದನ್ನೇ ವಿಸ್ತರಿಸಿ ‘ಡಿಎಚ್‌ಸಿಪಿ’ ಬಂತು. 1999ರಲ್ಲಿ ಇಂಟೆಲ್ ಸಂಸ್ಥೆ ಪ್ರಕಟಿಸಿದ ‘ಪಿಎಕ್ಸ್‌ಇ’ ನಿಯಮಾವಳಿಯ ತರುವಾಯ ಸಾಮಾನ್ಯ ಕಂಪ್ಯೂಟರುಗಳಿಗೂ ಈ ವಿದ್ಯೆ ಒಲಿಯಿತು.

‘ಬೂಟ್’ ಎಂಬ ಮಾತಿನ ಮೂಲವೂ ಸೊಗಸಾಗಿದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂದು ಅದರ ಭಾವ. ಡಿಸ್ಕುಳ್ಳ ಯಂತ್ರ ಹಾಗೆ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಡಿಸ್ಕಿಲ್ಲದ್ದಕ್ಕೆ ಇನ್ನೊಬ್ಬರ ಕೈ ಬೇಕು.

ಅದರ ಬಳಿ ಇರುವುದು ಒಂದೇ ಒಂದು ಗುರುತು. ಕಾರ್ಖಾನೆಯಲ್ಲೇ ಅದರ ಜಾಲದ ಕಾರ್ಡಿನಲ್ಲಿ ಕೆತ್ತಿದ ಒಂದು ಸಂಖ್ಯೆ, ಹಣೆಬರಹವೆನ್ನಿ. ವಿದ್ಯುತ್ತು ಹರಿದೊಡನೆ ಅದು ಆ ಸಂಖ್ಯೆಯನ್ನು ಹೇಳಿಕೊಂಡು, ಕೇಬಲ್ಲಿನ ಮೇಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಸರ್ವರ್ ಎಂಬ ಹಿರಿಯ ಯಂತ್ರ ಉತ್ತರಿಸುತ್ತದೆ: ನಿನ್ನ ವಿಳಾಸ ಇದು, ನಿನಗೆ ಬೇಕಾದ ಕಡತ ಇಂಥಲ್ಲಿದೆ. ಆ ಕಡತ ಬರುವ ಬಗೆ ತಾಯಿಯ ಕೈತುತ್ತಿನಂತೆ. ಒಮ್ಮೆಗೆ 512 ಬೈಟುಗಳ ತುತ್ತು. ನುಂಗಿದೆನೆಂದು ತಿಳಿಸಿದ ಮೇಲೆಯೇ ಮುಂದಿನದು. ಹೀಗೆ ಬಂದ ಕರ್ನೆಲ್ ಎಚ್ಚತ್ತು, ಸರ್ವರಿನ ಡಿಸ್ಕಿನ ಒಂದು ಭಾಗವನ್ನೇ ತನ್ನದೆಂದು ಬಳಸತೊಡಗುತ್ತದೆ.

ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬ ಉಚಿತ ತಂತ್ರಾಂಶ, ಒಂದು ಸರ್ವರ್, ಒಂದು ಸ್ವಿಚ್, ಒಂದಿಷ್ಟು ಕೇಬಲ್ಲು. ನಮ್ಮ ಬಂಡವಾಳ ಇಷ್ಟೇ. ಮೂರು ಭಾನುವಾರಗಳು ಹೋದವು. ಹದಿನಾಲ್ಕು ಪರದೆಗಳು ಒಟ್ಟಿಗೆ ಬೆಳಗಿದಾಗ ಒಬ್ಬ ಹುಡುಗ ಕೇಳಿದ: “ಸಾರ್, ಇದಕ್ಕೆ ಏನೂ ನೆನಪಿಲ್ಲ ಅಂದ್ರಲ್ಲ, ಮತ್ತೆ ನನ್ನ ಹೆಸರು ಹೇಗೆ ಗೊತ್ತಾಯ್ತು?” ಆತ ಹಿಂದಿನ ದಿನ ಬೇರೊಂದು ಯಂತ್ರದಲ್ಲಿ ಬರೆದಿಟ್ಟಿದ್ದ ಪತ್ರ ಇಲ್ಲಿ ತೆರೆದುಕೊಂಡಿತ್ತು.

ಇನ್ನು ಆಪತ್ತಿನ ಮಾತು. ಮಕ್ಕಳ ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಗ್ಗೆ ಯಂತ್ರಗಳೆಲ್ಲ ಅರ್ಧ ಎದ್ದು ನಿಂತುಬಿಟ್ಟವು. ಸರ್ವರ್ ನೆಟ್ಟಗಿತ್ತು, ಕೇಬಲ್ಲು ನೆಟ್ಟಗಿತ್ತು. ಮಕ್ಕಳು ಹೊರಗೆ ಸಾಲುಗಟ್ಟಿದ್ದರು. ಒಂದು ಗಂಟೆ ಬೆವರಿದ ಮೇಲೆ ಕಾರಣ ತಿಳಿಯಿತು. ಪಕ್ಕದ ಕೋಣೆಗೆ ಇಂಟರ್ನೆಟ್ ಬೇಕೆಂದು ಯಾರೋ ಒಂದು ಪುಟ್ಟ ರೌಟರನ್ನು ನಮ್ಮ ಸ್ವಿಚ್ಚಿಗೇ ಸಿಕ್ಕಿಸಿದ್ದರು. ಕೇಳಿದವರಿಗೆಲ್ಲ ವಿಳಾಸ ಹಂಚುವ ಗುಣ ಅದಕ್ಕೂ ಇತ್ತು. ಮೊದಲ ಸಲ ಕೇಳುವಾಗ ಯಂತ್ರವು ಕಡತದ ಹೆಸರುಳ್ಳ ಉತ್ತರ ಬರುವವರೆಗೆ ಕಾದಿತ್ತು. ಆದರೆ ಎಚ್ಚತ್ತ ಕರ್ನೆಲ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತದೆ. ಆಗ ಮೊದಲು ಬಂದ ಉತ್ತರವನ್ನೇ ಹಿಡಿಯಿತು. ರೌಟರ್ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ವಿಳಾಸವಿತ್ತು, ಡಿಸ್ಕಿನ ದಾರಿ ಇರಲಿಲ್ಲ. ರೌಟರಿನ ಕೇಬಲ್ಲನ್ನು ಕಿತ್ತೊಡನೆ ಎಲ್ಲವೂ ಸರಿಯಾಯಿತು.

ಅಂದು ನನಗೆ ಹೊಳೆದದ್ದು ಇಷ್ಟು. ಏನೂ ತಿಳಿಯದೆ ಕೇಳುವವನಿಗೆ ಉತ್ತರವನ್ನು ತೂಗಿ ನೋಡುವ ತಕ್ಕಡಿ ಇರುವುದಿಲ್ಲ. ಮೊದಲು ದನಿ ಎತ್ತಿದವನೇ ಅವನಿಗೆ ಗುರು. ಇತ್ತೀಚಿನ ಯಂತ್ರಗಳಲ್ಲಿ, ಬಂದ ಕಡತದ ಮೇಲಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಏರ್ಪಾಡಿದೆ. ನಮ್ಮ ಹಳೆಯವುಗಳಿಗೆ ಅದಿರಲಿಲ್ಲ. ತರಗತಿಯಲ್ಲಿ ಕೂತ ಮಕ್ಕಳಿಗೂ ಇರಲಿಲ್ಲ. ಅವರಿಗೆ ನಾನು ಎಷ್ಟು ಸಲ ಆ ರೌಟರಿನಂತೆ ಅವಸರದ ಉತ್ತರ ಕೊಟ್ಟಿದ್ದೆನೋ!

ಆಮೇಲೆ ನಿವೃತ್ತನಾಗುವವರೆಗೂ ಒಂದು ಅಭ್ಯಾಸ ಇಟ್ಟುಕೊಂಡೆ. ಗಂಟೆ ಬಾರಿಸುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಸರ್ವರನ್ನು ಹಚ್ಚುತ್ತಿದ್ದೆ. ಸ್ವಿಚ್ಚಿನ ಕೇಬಲ್ಲುಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಅಂದಿನ ಪಾಠವನ್ನು ಇನ್ನೊಮ್ಮೆ ಓದುತ್ತಿದ್ದೆ. ಕೇಳುವವರು ಏಳುವ ಮುನ್ನ ಹೇಳುವವನು ಎದ್ದಿರಬೇಕಲ್ಲವೆ?