ಕೈತಪ್ಪಿದ ಕಾರು ಓಟ



ನಾನು ಹೊನ್ನಾಳಿಯವನು ಎಂದು ಎಲ್ಲಿ ಹೇಳಿಕೊಂಡರೂ ಕೇಳಿದವರು ಒಮ್ಮೆ ನಕ್ಕು, "ಓಹೋ, ಹೊನ್ನಾಳಿ ಹೊಡೆತದ ಊರೋ!" ಎನ್ನುತ್ತಾರೆ. ಈ ಹೊತ್ತು ನಾನು ಹೇಳಹೊರಟಿರುವುದು ನಮ್ಮೂರಿನವರು ಕೊಟ್ಟ ಹೊಡೆತದ ಮಾತಲ್ಲ, ತಿಂದ ಹೊಡೆತದ ಮಾತು. ಅದೂ ಎಲ್ಲೋ ದೂರದ ದೆಹಲಿಯ ಪಕ್ಕ ನಡೆಯಬೇಕಾಗಿದ್ದ ಒಂದು ಕಾರು ಓಟ ನಿಂತುಹೋದದ್ದರಿಂದ ತಿಂದದ್ದು.

2011ರ ದೀಪಾವಳಿ. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಬಲಿಪಾಡ್ಯಮಿ ಕಳೆದು ಮೂರು ದಿನವಾಗಿತ್ತು. ಸುತ್ತಲ ಹಳ್ಳಿಗಳಲ್ಲಿ ಹೋರಿ ಹಬ್ಬದ ಸಡಗರ. ಭಾನುವಾರ, ಅಕ್ಟೋಬರ್ 30ರ ಮಧ್ಯಾಹ್ನ ನನ್ನ ಅಣ್ಣನ ಮಗ ಬಂದು, "ಚಿಕ್ಕಪ್ಪಾ, ಹೋರಿ ನಾಳೆನೂ ಓಡ್ತಾವು. ಇವತ್ತು ಗ್ಯಾರೇಜಿಗೆ ಬಾ" ಎಂದು ಕರೆದ. ಅವನಿಗೆ ಆಗ ಹತ್ತೊಂಬತ್ತು. ಬಸ್ ನಿಲ್ದಾಣದ ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಹೋದೆ. ಟಯರುಗಳ ಮೇಲೆ, ಆಯಿಲ್ ಡಬ್ಬಗಳ ಮೇಲೆ ಹದಿನೈದಿಪ್ಪತ್ತು ಜನ ಕುಳಿತಿದ್ದರು. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಸ್ಪ್ಯಾನರುಗಳ ಮೇಲೆ ಇನ್ನೂ ಇತ್ತು. ಟೀವಿಯಲ್ಲಿ ಭಾರತದ ನೆಲದ ಮೊದಲ ಫಾರ್ಮುಲಾ ಒನ್ ಓಟ. ನಮ್ಮ ವಾಹಿನಿಯಲ್ಲಲ್ಲ, ಕೇಬಲ್ಲಿನ ಕ್ರೀಡಾ ವಾಹಿನಿಯಲ್ಲಿ ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ.

ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥದ ಒಂದು ಸುತ್ತು ಐದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಒಟ್ಟು 60 ಸುತ್ತು, ಅಂದರೆ ಸುಮಾರು 307 ಕಿಲೋಮೀಟರ್. ಹೊನ್ನಾಳಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ನಮ್ಮ ಬಸ್ಸು ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿಸುವ ಆ ದೂರವನ್ನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಒಂದೂವರೆ ಗಂಟೆಯಲ್ಲಿ ಮುಗಿಸಿದ. ಸಚಿನ್ ತೆಂಡೂಲ್ಕರ್ ಚೌಕಳಿ ಬಾವುಟ ಬೀಸಿದರು. ನಮ್ಮ ದೇಶದ ನಾರಾಯಣ್ ಕಾರ್ತಿಕೇಯನ್ 17ನೆಯವರಾಗಿ ಬಂದರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಒಂದು ಕಾರು ಒಂಬತ್ತನೆಯದಾಗಿ ಬಂತು. ಗೆದ್ದವನೂ ನಮ್ಮವನಲ್ಲ, ಗೆದ್ದ ಕಾರೂ ನಮ್ಮದಲ್ಲ. ಆದರೂ ಗ್ಯಾರೇಜಿನಲ್ಲಿ ಪಟಾಕಿ ಹೊಡೆದರು. ಗೆದ್ದದ್ದಕ್ಕಲ್ಲ, ಓಟ ನಮ್ಮ ದೇಶಕ್ಕೆ ಬಂದದ್ದಕ್ಕೆ.

ಅಂದು ಆ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ: "ಚಿಕ್ಕಪ್ಪಾ, ಟೀವಿಯಾಗೆ ನೋಡೋದಕ್ಕೂ ಎದುರಿಗೆ ನೋಡೋದಕ್ಕೂ ಬಾಳ ಫರಕು ಐತೇನು?"

ಟೀವಿಯಲ್ಲಿ ಅನ್ನ ತಿನ್ನುವವನಾದರೂ ನಾನು ನಿಜವನ್ನೇ ಹೇಳಿದೆ. ಕ್ಯಾಮೆರಾ ಕಾರಿನ ಜೊತೆಗೇ ತಿರುಗುತ್ತದೆ. ಹಾಗಾಗಿ ಕಾರು ಪರದೆಯ ನಡುವೆ ನಿಂತಂತೆ ಕಾಣುತ್ತದೆ. ವೇಗ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಗಂಟೆಗೆ 300 ಕಿಲೋಮೀಟರ್ ಎಂದರೆ ಸೆಕೆಂಡಿಗೆ 83 ಮೀಟರ್. ನೀವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಕಾರು ಇಪ್ಪತ್ತೈದು ಮೀಟರ್ ದಾಟಿರುತ್ತದೆ. ಇನ್ನು ಸದ್ದು. ಆಗಿನ ಕಾರುಗಳದು ಎಂಟು ಸಿಲಿಂಡರಿನ ಎಂಜಿನ್, ನಿಮಿಷಕ್ಕೆ 18,000 ಸುತ್ತು. ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಸಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 1,200 ಸಿಡಿತ. ಅದನ್ನು ಎದೆಯ ಮೇಲೆ ತಾಳಿಕೊಳ್ಳಬೇಕೇ ಹೊರತು ಅಂಗೈಯಗಲದ ಸ್ಪೀಕರಿನಲ್ಲಿ ಕೇಳಲಾಗದು.

ಈ ಪಾಠ ಹೇಳಿ ನಾನು ಬೆಂಗಳೂರಿಗೆ ಬಂದುಬಿಟ್ಟೆ. ಹುಡುಗ ಮರೆಯಲಿಲ್ಲ. ಮೊದಲ ವರ್ಷ ಅತಿ ಅಗ್ಗದ ಟಿಕೆಟ್ಟಿಗೆ 2,500 ರೂಪಾಯಿ. ರೈಲಿನ ಖರ್ಚು, ಊಟ, ವಸತಿ ಬೇರೆ. ಅವನು ಚೀಟಿ ಹಾಕಿದ. 2014ಕ್ಕೆ ಹೋಗುವುದೆಂದು ಗೆಳೆಯರಿಬ್ಬರೊಡನೆ ಮಾತಾಯಿತು.

ಆದರೆ 2014ರ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮುಂದಿನ ವರ್ಷ ಬರುತ್ತದೆ ಎಂದರು. 2015 ಬಂತು, ಓಟ ಬರಲಿಲ್ಲ.

ಹೀಗಾಗಿ 2013ರ ಅಕ್ಟೋಬರ್ 27ರ ಓಟವೇ ಕೊನೆಯದಾಯಿತು. ಆ ದಿನವೂ ವೆಟ್ಟೆಲ್ ಗೆದ್ದ. ಅದರೊಂದಿಗೆ ಸತತ ನಾಲ್ಕನೆಯ ವಿಶ್ವಪ್ರಶಸ್ತಿಯೂ ಅವನದಾಯಿತು. ಗೆದ್ದವನು ನಿಯಮದಂತೆ ಕಾರನ್ನು ಒಳಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಜನರೆದುರಿಗೇ ಗರಗರನೆ ಕಾರನ್ನು ತಿರುಗಿಸಿ, ಹೊಗೆಯೆಬ್ಬಿಸಿ, ಇಳಿದು ಬಂದು ಕಾರಿನ ಮುಂದೆ ಬಾಗಿ ನಮಿಸಿದ. ಕೈಗವಸುಗಳನ್ನು ಜನರತ್ತ ಎಸೆದ. ಇದಕ್ಕಾಗಿ ಅವನಿಗೆ ಎಚ್ಚರಿಕೆ, ಅವನ ತಂಡಕ್ಕೆ 25,000 ಯೂರೋ ದಂಡ. ಗ್ಯಾರೇಜಿನ ಹಿರಿಯ ಮೇಸ್ತ್ರಿ ಇದನ್ನು ಕಂಡು, "ನೋಡ್ರಿ, ನಮ್ಮಂಗೇ ಗಾಡಿಗೆ ಕೈಮುಗದ. ಪೂಜೆ ಮಾಡಿದ್ದಕ್ಕೂ ದಂಡ ಹಾಕ್ತಾರಲ್ರಿ!" ಎಂದು ಬೇಸರಪಟ್ಟುಕೊಂಡರಂತೆ.

ಓಟ ತಪ್ಪಿದ ಮೇಲೆ ಅಭಿಮಾನಿಗಳು ಏನೆಂದರು? ನಾನು ಊರಿಗೆ ಹೋದಾಗಲೆಲ್ಲ ಕೇಳಿಸಿಕೊಂಡದ್ದು ಮೂರು ಬಗೆಯ ಮಾತು. ಕೆಲವರದು ಸಿಟ್ಟು: ಸರ್ಕಾರದವರೇ ಓಡಿಸಿದರು ಎಂದು. ಕೆಲವರದು ಹೀಗಳಿಕೆ: ನಮ್ಮ ದೇಶಕ್ಕೆ ಇಂಥದ್ದಕ್ಕೆಲ್ಲ ಯೋಗ್ಯತೆ ಇಲ್ಲ, ಮೊದಲ ವರ್ಷ ಅಭ್ಯಾಸದ ದಿನವೇ ಪಥದೊಳಗೆ ಬೀದಿನಾಯಿ ನುಗ್ಗಲಿಲ್ಲವೇ ಎಂದು. ಮೂರನೆಯದು ಚಹಾದಂಗಡಿಯ ಹಿರಿಯರದು: "ಹೋದ್ರೆ ಹೋತು ಬಿಡ್ರಿ. ಆ ಕಡೆ ರೈತರು ಜಮೀನು ಕೊಟ್ಟು ಪರಿಹಾರಕ್ಕೆ ಹೊಡದಾಡಿದ್ರಲ್ಲ, ಅವರಿಗೆ ಯಾವ ರೇಸು?" ಈ ಮೂರನೆಯ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಮೊದಲೆರಡನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಓಟವನ್ನು ಕರೆತಂದದ್ದು ಸರ್ಕಾರವಲ್ಲ, ಜೇಪಿ ಎಂಬ ಖಾಸಗಿ ಉದ್ಯಮ ಸಮೂಹ. ಓಟ ನಡೆಸುವ ಹಕ್ಕಿಗೆ ಅದು ವರ್ಷಕ್ಕೆ 4 ಕೋಟಿ ಡಾಲರ್ ಕೊಡಬೇಕಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 200 ಕೋಟಿ ರೂಪಾಯಿ. 60,000 ಜನ ತಲೆಗೆ ಐದೈದು ಸಾವಿರ ಕೊಟ್ಟು ಬಂದರೂ ಕೂಡುವುದು 30 ಕೋಟಿ. ಪಥದ ಬದಿಯ ಜಾಹೀರಾತಿನ ಹಣ, ಟೀವಿ ಪ್ರಸಾರದ ಹಣ ಹೋಗುತ್ತಿದ್ದದ್ದು ಫಾರ್ಮುಲಾ ಒನ್ ನಡೆಸುವವರ ಕಡೆಗೆ. ಎಷ್ಟೋ ದೇಶಗಳಲ್ಲಿ ಈ ಅಂತರವನ್ನು ಸರ್ಕಾರ ತುಂಬುತ್ತದೆ. ಇಲ್ಲಿ ಸರ್ಕಾರಗಳು ಇದು ಕ್ರೀಡೆಯಲ್ಲ, ಮನರಂಜನೆ ಎಂದವು. ಮನರಂಜನಾ ತೆರಿಗೆಯ ಪ್ರಶ್ನೆ ಎದ್ದಿತು. ಟಿಕೆಟ್ಟಿನ ಹಣದಲ್ಲಿ ಶೇಕಡ 25ನ್ನು ಬೇರೆಯಾಗಿ ಇಡಬೇಕೆಂದು 2011ರಲ್ಲೇ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು. ಮುಂದೆ 2017ರ ಏಪ್ರಿಲ್ 24ರಂದು ಅದೇ ನ್ಯಾಯಾಲಯ, ಓಟ ಕೆಲವೇ ದಿನದ್ದಾದರೂ ಆ ಪಥ ಅಷ್ಟು ದಿನ ಫಾರ್ಮುಲಾ ಒನ್ ಸಂಸ್ಥೆಯ ವಶದಲ್ಲಿರುತ್ತದೆ, ಆದ್ದರಿಂದ ಆ ಸಂಸ್ಥೆ ಭಾರತದಲ್ಲಿ ಆದಾಯ ತೆರಿಗೆ ಕಟ್ಟಬೇಕು ಎಂದು ತೀರ್ಪಿತ್ತಿತು. ಯಾರೋ ಒಬ್ಬರು ಓಡಿಸಿದರು ಎನ್ನುವುದಕ್ಕಿಂತ, ಲೆಕ್ಕವೇ ಕೂಡಲಿಲ್ಲ ಎನ್ನುವುದು ಸರಿ. ತೆರಿಗೆ ಕೇಳುವುದು ತಪ್ಪು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಊರಿನ ಗ್ಯಾರೇಜಿನವನೂ ತೆರಿಗೆ ಕಟ್ಟುತ್ತಾನೆ.

ಯೋಗ್ಯತೆಯ ಮಾತೂ ಹಾಗೆಯೇ. ದಕ್ಷಿಣ ಕೊರಿಯಾ ನಾಲ್ಕು ವರ್ಷ ಓಟ ನಡೆಸಿ, ನಾವು ಕಳೆದುಕೊಂಡ 2013ರಲ್ಲೇ ಕಳೆದುಕೊಂಡಿತು. ಮಲೇಷ್ಯಾ 1999ರಿಂದ ನಡೆಸಿಕೊಂಡು ಬಂದು 2017ಕ್ಕೆ ತಾನಾಗಿಯೇ ಸಾಕೆಂದಿತು. ಕಾರಿನ ತೌರೂರು ಜರ್ಮನಿ. ವೆಟ್ಟೆಲ್ ಹುಟ್ಟಿದ ಆ ದೇಶದ ಹೆಸರಿನ ಓಟ 2019ರ ನಂತರ 2025ರವರೆಗೂ ನಡೆದಿಲ್ಲ. 1985ರಲ್ಲಿ ಕಳೆದುಕೊಂಡ ಓಟವನ್ನು ನೆದರ್ಲೆಂಡ್ಸ್ ಮತ್ತೆ ಕಂಡದ್ದು 2021ರಲ್ಲಿ, 36 ವರ್ಷಗಳ ಮೇಲೆ. ಹಾಗಿರುವಾಗ ಒಂದು ಬೀದಿನಾಯಿಯನ್ನು ಮುಂದಿಟ್ಟುಕೊಂಡು ನಮ್ಮನ್ನು ನಾವೇ ಹಳಿದುಕೊಳ್ಳುವುದೇಕೆ?

ಆದರೂ ನೋವು ನೋವೇ. ಫೋರ್ಸ್ ಇಂಡಿಯಾದ ಕಾರು 2009ರಲ್ಲಿ ಬೆಲ್ಜಿಯಂನ ಓಟದಲ್ಲಿ ಒಂದು ಸೆಕೆಂಡಿಗೂ ಕಡಿಮೆ ಅಂತರದಿಂದ ಎರಡನೆಯದಾಗಿ ಬಂದಿತ್ತು. ಆ ಸೋಲನ್ನು ಅಭಿಮಾನಿಗಳು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಓಟದಲ್ಲಿ ಸೋಲುವುದು ಬೇರೆ, ಓಟವನ್ನೇ ಕಳೆದುಕೊಳ್ಳುವುದು ಬೇರೆ. ಸೋತವನಿಗೆ ಮುಂದಿನ ಓಟದ ಆಸೆಯಿರುತ್ತದೆ. ಓಟವೇ ಹೋದವನಿಗೆ ಅದೂ ಇಲ್ಲ.

ಇಲ್ಲಿ ನನಗೆ ನಮ್ಮ ಕಡೆಯ ಹೋರಿ ಹಬ್ಬ ನೆನಪಾಗುತ್ತದೆ. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿ ಓಡಿ ಬರುವಾಗ ಹುಡುಗರು ಕೊಬ್ಬರಿ ಹರಿಯಲು ನುಗ್ಗುವ ಆಟ. ಹೋರಿಗಳಿಗೂ ಹೆಸರುಂಟು, ಅಭಿಮಾನಿ ಬಳಗವುಂಟು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದಾಗ ಇಂಥ ಎಲ್ಲ ಆಟಗಳ ಮೇಲೂ ಕತ್ತಿ ತೂಗಿತು. ಮುಂದೆ ರಾಜ್ಯದಲ್ಲಿ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ಜನ ಬೀದಿಗಿಳಿದರು, ವಿಧಾನಸಭೆಯವರೆಗೆ ಹೋದರು. 2017ರಲ್ಲಿ ಕಾನೂನು ತಿದ್ದುಪಡಿಯಾಯಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಹೋರಿ ಆಟದಲ್ಲಿ ಜೀವ ಹೋದ ಮನೆಗಳಿವೆ, ಮೂಕಪ್ರಾಣಿಯ ಪರವಾದ ಪ್ರಶ್ನೆಗಳಿವೆ; ಅವನ್ನು ನಾನು ಮರೆತಿಲ್ಲ. ನಾನು ಹೇಳುವುದು ಇಷ್ಟೆ: ಆ ಓಟಗಳಿಗೆ ಹಕ್ಕುದಾರರಿದ್ದರು. ಹೋರಿ ಸಾಕಿದವರು, ಕೊಬ್ಬರಿ ಕಟ್ಟಿದವರು, ಬೇಲಿ ಹಾಕಿದವರು. ಫಾರ್ಮುಲಾ ಒನ್ನಿನಲ್ಲಿ ನಮಗಿದ್ದದ್ದು ಬರೀ ಟಿಕೆಟ್ಟು. ಹಣ ಕೊಟ್ಟು ನೋಡಿದ್ದನ್ನು ಹಣದ ಲೆಕ್ಕ ತಪ್ಪಿದಾಗ ಒಯ್ದುಬಿಡುತ್ತಾರೆ. ಕೈ ಹಾಕಿ ಕಟ್ಟಿದ್ದನ್ನು ಅಷ್ಟು ಸುಲಭವಾಗಿ ಒಯ್ಯಲಾಗದು.

ನನ್ನ ಅಣ್ಣನ ಮಗ ಈ ಮಾತನ್ನು ನನಗಿಂತ ಮೊದಲೇ ಕಂಡುಕೊಂಡ. ಚೀಟಿಯ ಹಣ ತಂಗಿಯ ಮದುವೆಗೆ ಖರ್ಚಾಯಿತು. ಆದರೆ 2017ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿಯ ಒಂದು ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆದಾಗ ಬೈಕಿನಲ್ಲೇ ಹೋಗಿಬಂದ. ಟಿಕೆಟ್ಟಿಲ್ಲ, ಗ್ಯಾಲರಿಯಿಲ್ಲ. ಧೂಳು ಮುಖಕ್ಕೆ ರಾಚುವಷ್ಟು ಹತ್ತಿರದಲ್ಲಿ ದೆಹಲಿಯ ಗೌರವ್ ಗಿಲ್ ಅವರ ಕಾರು ಹಾದುಹೋಯಿತಂತೆ. "ಚಿಕ್ಕಪ್ಪಾ, ಎದಿ ನಡುಗ್ತು ನೋಡು" ಎಂದು ಫೋನಿನಲ್ಲಿ ಹೇಳಿದ. ಅದೇ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಗೆ ಬಂದ ಮೊದಲ ಅರ್ಜುನ ಅದು. ಯಾವುದನ್ನು ಕ್ರೀಡೆಯೇ ಅಲ್ಲ ಎಂದಿದ್ದರೋ ಅದಕ್ಕೇ ಸರ್ಕಾರದ ಮನ್ನಣೆ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ಬೈಕ್ ಓಟಗಳ ಮಹಿಳಾ ವಿಶ್ವಕಪ್ ಗೆದ್ದರು. ಓಟ ಊರು ಬಿಟ್ಟು ಹೋದರೂ ಓಟಗಾರರು ಹುಟ್ಟುವುದು ನಿಲ್ಲಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಅದೇ ಬುದ್ಧ ಪಥಕ್ಕೆ ಮೋಟೋಜಿಪಿ ಬೈಕ್ ಓಟ ಬಂತು. ಇಟಲಿಯ ಮಾರ್ಕೊ ಬೆಜ್ಜೆಕ್ಕಿ ಗೆದ್ದ. 2024ರಲ್ಲಿ ಮತ್ತೆ ನಡೆಯಲಿಲ್ಲ, 2025ರಲ್ಲೂ ನಡೆಯಲಿಲ್ಲ. ಎರಡನೆಯ ಸಲದ ಹೊಡೆತ. ಈ ಬಾರಿ ಬೈಯುತ್ತಾನೆಂದುಕೊಂಡು ನಾನೇ ಫೋನು ಮಾಡಿದೆ. ಅವನು ಅವಸರದಲ್ಲಿದ್ದ. ಮಲೆನಾಡಿನಲ್ಲಿ ಎಲ್ಲೋ ಒಂದು ಸಣ್ಣ ರ್ಯಾಲಿ; ದಾರಿ ಕಾಯುವ ಸ್ವಯಂಸೇವಕನಾಗಿ ಬಾವುಟ ಹಿಡಿದು ನಿಲ್ಲಲು ಹೊರಟಿದ್ದ. ಜೊತೆಗೆ ಗ್ಯಾರೇಜಿನ ಇಬ್ಬರು ಹುಡುಗರು.

"ಹೋದದ್ದು ಹೋತು ಚಿಕ್ಕಪ್ಪಾ. ಅದು ಬಂದ್ರೆ ನೋಡಾಣ. ಇಲ್ಲಿ ನಾ ನಿಲ್ಲಲಿಲ್ಲಂದ್ರೆ ಗಾಡಿ ಬಿಡಂಗಿಲ್ಲ" ಎಂದ.

ದೆಹಲಿಗೆ ಹೋಗದ ಆ ಹುಡುಗನಿಗೆ ಈಗ ತಾನು ಇಲ್ಲದಿದ್ದರೆ ನಡೆಯದ ಒಂದು ಓಟವಿದೆ. ಫಾರ್ಮುಲಾ ಒನ್ ಮತ್ತೆ ಬಂದರೆ ಅವನು ಹೋಗಿ ನೋಡಲಿ ಎಂದು ನಾನೂ ಹಾರೈಸುತ್ತೇನೆ. ಆ ಸದ್ದನ್ನು ಎದುರಿಗೆ ಕೇಳುವ ಆಸೆ ನನಗೂ ಇದೆ. ಬರದಿದ್ದರೆ ಅವನು ಬರಿಗೈಯಲ್ಲಿ ಕೂರುವವನಲ್ಲ.