ಎರೆಯ ಹಾದಿಯ ಫಟಫಟಿ



ನಮ್ಮವರ ಬಾಯಲ್ಲಿ ಮಿರಗವೆನಿಸಿಕೊಳ್ಳುವ ಮೃಗಶಿರಾ ಮಳೆ ಬಿದ್ದ ಮರುದಿನ, ಅಥಣಿ ತಾಲೂಕಿನ ಅನಂತಪುರದ ಸುತ್ತಲಿನ ಹೊಲದ ಹಾದಿಗಳಲ್ಲಿ ಒಮ್ಮೆಯಾದರೂ ನಡೆದವರಿಗೆ ಎರೆಮಣ್ಣಿನ ಸ್ವಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊದಲ ಹತ್ತು ಹೆಜ್ಜೆಗೆ ಅದು ಚಪ್ಪಲಿಯ ತಳಕ್ಕೆ ಅಂಟುತ್ತದೆ. ಇಪ್ಪತ್ತನೆಯ ಹೆಜ್ಜೆಗೆ ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನು ಮಾತ್ರ ಬಿಟ್ಟುಕೊಡುತ್ತದೆ. ಚಕ್ಕಡಿಯ ಗಾಲಿಗೆ ಸುತ್ತಿಕೊಂಡಿತೆಂದರೆ ಖಿಲಾರಿ ಎತ್ತುಗಳಂತಹ ಎತ್ತುಗಳೂ ಕೊರಳು ಚಾಚಿ ನಿಂತುಬಿಡುತ್ತವೆ. ಹಿಂಗಾರಿ ಜೋಳವನ್ನು ಕೊಟ್ಟು ನಮ್ಮ ಅಜ್ಜ ಮುತ್ತಜ್ಜಂದಿರನ್ನು ಸಾಕಿದ ಈ ನೆಲದ ಮೇಲೆಯೇ, ಐವತ್ತಕ್ಕೂ ಮಿಕ್ಕಿದ ವರ್ಷಗಳಲ್ಲಿ ನಮ್ಮ ಮನೆಯ ಅಂಗಳಕ್ಕೆ ಒಂದರ ಹಿಂದೊಂದರಂತೆ ಬಂದ ಮೋಟಾರ್‌ಸೈಕಲ್ಲುಗಳು ಓಡಿದವು. ನಮ್ಮ ಸೀಮೆಯಲ್ಲಿ ಅದಕ್ಕೆ ಫಟಫಟಿಯೆಂದು ಹೆಸರು. ಆ ಗಾಡಿಗಳ ನೆನಪನ್ನು ನೆಪವಾಗಿಟ್ಟುಕೊಂಡು, ರಸ್ತೆಯಿಲ್ಲದೆಡೆಯಲ್ಲಿಯೂ ಸಾಗಬಲ್ಲ ಮೋಟಾರ್‌ಸೈಕಲ್ಲು ಎಂಬ ವಸ್ತು ಹೇಗೆ ಬೆಳೆದುಬಂದಿತೆಂಬುದನ್ನು ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಇಂತಹ ಗಾಡಿಗಳನ್ನು ಈಗಿನವರು ಟ್ರೇಲ್ ಬೈಕುಗಳೆಂದು ಕರೆಯುತ್ತಾರೆ. ಡಾಂಬರಿನ ಮೇಲೆಯೂ ಕಾಲುದಾರಿಯಲ್ಲಿಯೂ ಸಮನಾಗಿ ಸಾಗಬೇಕೆಂಬ ಉದ್ದೇಶದಿಂದ ಇವುಗಳ ಒಡಲನ್ನು ನೆಲದಿಂದ ಎತ್ತರಿಸಿ, ಮುಂದಿನ ಗಾಲಿಯನ್ನು ದೊಡ್ಡದಾಗಿಸಿ, ಟೈರಿಗೆ ಗಟ್ಟಿ ಹಲ್ಲುಗಳನ್ನು ಕೊಟ್ಟು, ಮಡ್‌ಗಾರ್ಡನ್ನು ಗಾಲಿಗೆ ತಾಗದಂತೆ ಒಂದು ಗೇಣು ಮೇಲಕ್ಕೆ ಕೂಡಿಸಿರುತ್ತಾರೆ. ಈ ಬಗೆಯ ಸವಾರಿಗೆ ದೀರ್ಘವಾದ ಇತಿಹಾಸವುಂಟು. 1913ರಲ್ಲಿಯೇ ಇಂಗ್ಲೆಂಡಿನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಪರೀಕ್ಷೆಯೊಂದು ಆರಂಭವಾಯಿತು. ಗುಡ್ಡ, ಕೆಸರು, ಹಳ್ಳ, ಮಳೆಗಳನ್ನು ದಾಟಿ ಆರು ದಿನ ಸಾಗುವ ಸವಾರನು ದಾರಿಯಲ್ಲಿ ಗಾಡಿ ಕೆಟ್ಟರೆ ತಾನು ಹೊತ್ತುತಂದ ಸಲಕರಣೆಗಳಿಂದ ತಾನೇ ಅದನ್ನು ಸರಿಪಡಿಸಿಕೊಳ್ಳಬೇಕೆಂಬುದು ಆ ಪರೀಕ್ಷೆಯ ನಿಯಮವಾಗಿದ್ದಿತು. ಜಾವಾ ಗಾಡಿಗಳನ್ನೇರಿದ ಚೆಕೊಸ್ಲೊವಾಕಿಯಾದ ಸವಾರರು ಅದರಲ್ಲಿ ಅನೇಕ ಸಲ ವಿಜಯಿಗಳಾದರು. ಆ ಜಾವಾ ಗಾಡಿಯೇ ಮುಂದೆ ನಮ್ಮ ಮನೆಯ ಮೊದಲ ಫಟಫಟಿಯಾಗಿ ಬಂದಿತೆಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮತ್ತು ಆ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರದು. ಫಾರೂಖ್ ಇರಾನಿಯವರ ಉದ್ಯಮಶೀಲತೆಯಿಂದಲೂ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದಲೂ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪನೆಗೊಂಡು, 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. ನಮ್ಮ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿ ಆಗ ಐದೇ ವರ್ಷಗಳಾಗಿದ್ದವು. ನಮ್ಮ ಸಂತೆ, ಆಸ್ಪತ್ರೆ, ಅಡತಿ ಅಂಗಡಿಗಳೆಲ್ಲ ಮಿರಜ ಸಾಂಗಲಿಗಳ ಕಡೆಗೇ ಇದ್ದ ಆ ದಿನಗಳಲ್ಲಿ ಮೈಸೂರೆಂಬುದು ನಮಗೆ ಪಾಠದ ಪುಸ್ತಕದ ಊರು. 1967ರಲ್ಲಿ ನಮ್ಮ ತಂದೆಯವರು ಬೆಳಗಾವಿಯಿಂದ ಎರಡನೆಯ ಕೈಯ ಜಾವಾ ಗಾಡಿಯೊಂದನ್ನು ಕೊಂಡುತಂದಾಗ, ಹೊಸ ರಾಜ್ಯದ ಮೈಸೂರು ಸೀಮೆಯಲ್ಲಿ ತಯಾರಾದ ವಸ್ತುವೊಂದು ನಮ್ಮ ಮನೆಯ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಊರಿನ ಹಿರಿಯರು ಅದರ ಸುತ್ತ ಕುಳಿತು, ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿ ಗೇರು ಹಾಕುವ ಆ ವಿಚಿತ್ರವನ್ನು ಮತ್ತೆ ಮತ್ತೆ ಮಾಡಿಸಿ ನೋಡಿದರು. ಸರಪಳಿಯು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದ್ದುದರಿಂದ ಬೇಸಗೆಯ ಧೂಳು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆ ಗುಣವೊಂದನ್ನೇ ತಂದೆಯವರು ಬಂದವರೆಲ್ಲರಿಗೂ ಎತ್ತಿ ಹೇಳುತ್ತಿದ್ದರು.

ಧೂಳನ್ನು ಗೆದ್ದ ಗಾಡಿಗೆ ಕೆಸರಿನ ಪರೀಕ್ಷೆ ಆ ವರ್ಷದ ಮಿರಗದಲ್ಲಿಯೇ ಒದಗಿತು. ಹೊಲದಿಂದ ಮರಳಿ ಬರುವಾಗ ಎರೆಮಣ್ಣು ಮುಂದಿನ ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ಹೊಕ್ಕು, ಒತ್ತೊತ್ತಾಗಿ ತುಂಬಿ, ಬಂಡೆಗಲ್ಲಿನಂತೆ ಗಟ್ಟಿಯಾಯಿತು. ಗಾಲಿ ತಿರುಗಲಾರದೆ ಗಾಡಿ ನಿಂತಿತು. ಅದು ಯಂತ್ರದ ದೋಷವೆಂದು ಹೇಳಲಾಗದು. ಆ ಮಣ್ಣಿನ ಮುಂದೆ ಯಾವ ಗಾಲಿಯೂ ಒಂದೇ. ಹಿಂದೆ ಕುಳಿತಿದ್ದ ನಾನು ಇಳಿದು ಜಾಲಿಯ ಕಟ್ಟಿಗೆಯಿಂದ ಕೆದಕಿದೆ, ಕಟ್ಟಿಗೆ ಮುರಿಯಿತು. ಆಗ ತಂದೆಯವರು ಬದುವಿನ ಮೇಲೆ ಕಳೆ ತೆಗೆಯುತ್ತಿದ್ದ ಅವ್ವನ ಕೈಯಿಂದ ಕುರ್ಪಿಯನ್ನು ಇಸಿದುಕೊಂಡು, ಮಂಡಿಯೂರಿ ಕುಳಿತು, ಅದರ ತುದಿಯನ್ನು ಗಾಲಿಗೂ ತಗಡಿಗೂ ನಡುವೆ ತೂರಿಸಿ, ರೊಟ್ಟಿಯ ತವೆಯನ್ನು ಕೆರೆದಂತೆ ಮೆಲ್ಲಮೆಲ್ಲನೆ ಮಣ್ಣನ್ನು ಹೋಳು ಹೋಳಾಗಿ ತೆಗೆದರು. ಒಂದು ತಾಸಿನ ಕೆಲಸ. ಅದು ಮುಗಿದ ಮೇಲೆ ನನ್ನ ಕಡೆಗೆ ತಿರುಗಿ, “ತಮ್ಮಾ, ಎರಿ ಹಸಿ ಇದ್ದಾಗ ಅದರ ಜೋಡಿ ಜಗಳಾ ಆಡಬಾರದು, ಅದಕ್ಕ ಹಾದಿ ಬಿಟ್ಟ ಕೊಡಬೇಕು” ಎಂದರು. ಮರುದಿನ ಪಾನಾ ಹಿಡಿದು ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕಿದರು. ಕೆಸರು ಮುಖಕ್ಕೆ ಸಿಡಿಯತೊಡಗಿದಾಗ, ಅಥಣಿಯಲ್ಲಿ ಚಪ್ಪಲಿ ಮಾಡುವವರಿಂದ ಅಟ್ಟೆಗೆ ಬಳಸುವ ದಪ್ಪ ಎಮ್ಮೆದೊಗಲಿನ ತುಂಡೊಂದನ್ನು ತಂದು, ಗಾಲಿಗಿಂತ ಬಹಳ ಮೇಲೆ, ದೀಪದ ಕೆಳಗೆ ಬಿಗಿದು ಕಟ್ಟಿದರು. ಗಾಲಿಗೂ ತೊಗಲಿಗೂ ನಡುವೆ ಮಣ್ಣು ಬಂದು ಹೋಗಲು ಹಾದಿಯಾಯಿತು. ಪ್ರತಿವರ್ಷ ಮಿರಗಕ್ಕೆ ತಗಡು ಇಳಿಯುವುದು, ದೀಪಾವಳಿಗೆ ಮರಳಿ ಏರುವುದು ಮನೆಯ ವಾಡಿಕೆಯಾಯಿತು. ಕಾವು ಮುರಿದ ಆ ಕುರ್ಪಿಯು ಅಂದಿನಿಂದ ಗಾಡಿಯ ಪಕ್ಕದ ಸಲಕರಣೆಯ ಡಬ್ಬಿಯಲ್ಲಿಯೇ ಉಳಿಯಿತು.

ಇದಾದ ಮರುವರ್ಷ, ಎಂದರೆ 1968ರಲ್ಲಿ, ಜಪಾನಿನ ಯಮಹಾ ಕಂಪನಿಯು ಅಮೆರಿಕದ ಸವಾರರಿಗಾಗಿ ಡಿಟಿ-1 ಎಂಬ 250 ಸಿಸಿಯ ಹಗುರವಾದ ಗಾಡಿಯನ್ನು ಮಾರಾಟಕ್ಕೆ ತಂದಿತು. ಜನಸಾಮಾನ್ಯರು ಕೊಂಡು ರಸ್ತೆಯಲ್ಲಿಯೂ ಕಾಡುದಾರಿಯಲ್ಲಿಯೂ ಓಡಿಸಬಹುದಾದ ಟ್ರೇಲ್ ಬೈಕುಗಳ ಯುಗವು ಅದರಿಂದ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ಅನೇಕ ವರ್ಷಗಳ ಮೇಲೆ ಅದರ ಚಿತ್ರವನ್ನು ಮಾಸಪತ್ರಿಕೆಯೊಂದರಲ್ಲಿ ನೋಡಿದಾಗ, ಗಾಲಿಯಿಂದ ಎತ್ತರದಲ್ಲಿ ನಿಂತ ಅದರ ಮಡ್‌ಗಾರ್ಡು ನನಗೆ ತಂದೆಯವರ ಎಮ್ಮೆದೊಗಲಿನ ತುಂಡನ್ನೇ ನೆನಪಿಗೆ ತಂದಿತು. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರಿಗೆ ಕೆಸರು ಒಂದೇ ಪಾಠವನ್ನು ಹೇಳಿಕೊಟ್ಟಿದ್ದಿತು. ಯಂತ್ರವನ್ನು ಕಾರ್ಖಾನೆ ರೂಪಿಸುತ್ತದೆಂಬುದು ಅರ್ಧ ಸತ್ಯ. ಅದನ್ನು ಕೊನೆಗೆ ತಿದ್ದುವುದು ಹಾದಿ ಎಂಬ ನನ್ನ ನಂಬಿಕೆ ಅಂದು ದೃಢವಾಯಿತು.

1972ರ ಸುಮಾರಿನ ಭೀಕರ ಬರಗಾಲವು ನಮ್ಮ ಹಾದಿಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ. ಹೊಲದಲ್ಲಿ ಕೆಲಸವಿಲ್ಲದೆ, ಹಗೇವಿನಲ್ಲಿ ಕಾಳಿಲ್ಲದೆ, ಗಂಡಸರು ಹೆಂಗಸರೆನ್ನದೆ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದರು; ಅವರ ಅಂಗೈಯ ಬೊಕ್ಕೆಗಳಿಂದ ಗರಸಿನ ದಾರಿಗಳು ಹುಟ್ಟಿದವು. ಪಶುಸಂಗೋಪನೆಯ ಇಲಾಖೆಯಲ್ಲಿ ನೌಕರಿ ಹಿಡಿದ ನಾನು 1977ರಲ್ಲಿ ರಾಜದೂತ ಗಾಡಿಯೊಂದನ್ನು ಕೊಂಡು ಓಡಾಡಿದ್ದು ಆ ದಾರಿಗಳಲ್ಲಿಯೇ. ಪೋಲೆಂಡಿನ ಮಾದರಿಯೊಂದನ್ನು ಆಧರಿಸಿ, ಎಸ್ಕಾರ್ಟ್ಸ್ ಕಂಪನಿಯು ಅರವತ್ತರ ದಶಕದ ಆರಂಭದಿಂದ ತಯಾರಿಸುತ್ತಿದ್ದ ಈ 175 ಸಿಸಿಯ ಗಾಡಿಯನ್ನು ದೇಶದ ಹಾಲು ಮಾರುವವರೂ ಒಕ್ಕಲಿಗರೂ ತಮ್ಮದೆಂದು ಒಪ್ಪಿಕೊಂಡಿದ್ದರು. ಮುಂದಿನ ಗಾಲಿಯನ್ನು ಹಿಡಿದಿದ್ದ ಅದರ ತೂಗುವ ತೋಳು ಕಲ್ಲಿನ ಮೇಲೆ ಏರಿ ಇಳಿಯುವಾಗ ಬಲಿಷ್ಠವಾದ ಎತ್ತಿನ ಹೆಗಲಿನಂತೆ ತೋರುತ್ತಿದ್ದಿತು. ಕಾಲುಬಾಯಿ ಬೇನೆಗೆ, ಗಂಟಲುಬೇನೆಗೆ ಹಾಕುವ ಲಸಿಕೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ಒಯ್ಯಬೇಕಾಗಿದ್ದುದರಿಂದ, ಕ್ಯಾರಿಯರಿಗೆ ಕಟ್ಟಿದರೆ ಕುಲುಕಿಗೆ ಒಳಗಿನ ಗಾಜು ಒಡೆಯುವುದೆಂದು, ಅದನ್ನು ಧೋತರದ ತುಂಡಿನಲ್ಲಿ ಸುತ್ತಿ, ಕೂಸನ್ನು ಕಟ್ಟಿಕೊಂಡಂತೆ ಎದೆಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಗಾಡಿಯ ಕುಲುಕನ್ನೆಲ್ಲ ನನ್ನ ಮೊಣಕಾಲುಗಳು ನುಂಗಬೇಕು, ಎದೆ ಅಲುಗಬಾರದು. ಪಾದಗಟ್ಟಿನ ಮೇಲೆ ಎದ್ದು ನಿಂತು ಗಾಡಿ ನಡೆಸುವ ವಿದ್ಯೆಯನ್ನು ನನಗೆ ಕಲಿಸಿದವರಿಲ್ಲ; ಎದೆಯ ಮೇಲಿನ ಆ ಫ್ಲಾಸ್ಕೇ ನನ್ನ ಗುರು. ಕಾಗವಾಡದ ಕಬ್ಬಿನ ಗದ್ದೆಗಳಿಂದ ಹಿಡಿದು ರಾಯಬಾಗದ ಗರಸು ನೆಲ, ಚಿಕ್ಕೋಡಿಯ ದಿಬ್ಬಗಳು, ನಿಪ್ಪಾಣಿಯ ಹೊಗೆಸೊಪ್ಪಿನ ಹೊಲಗಳವರೆಗೆ ಕಣ್ಣು ಮುಚ್ಚಿದರೂ ಮೊಣಕಾಲುಗಳೇ ಇದು ಯಾವ ಸೀಮೆಯೆಂದು ಹೇಳುವಷ್ಟು ಆ ನೆಲದ ಪರಿಚಯ ನನಗಾಯಿತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಧರಿಸಿತು. ಆ ಕಾಲಕ್ಕೇ ಮೈಸೂರಿನ ಜಾವಾ ಗಾಡಿಯೂ ಯೆಜ್ಡಿ ಎಂಬ ಹೆಸರಿಗೆ ತಿರುಗಿತು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನು ನಾನು ಕೊಂಡದ್ದು ಐದಾರು ವರ್ಷಗಳ ಮೇಲೆ. 250 ಸಿಸಿಯ, ಹದಿನಾರು ಅಶ್ವಶಕ್ತಿಯ ಆ ಯಂತ್ರವು ಹಳ್ಳದ ದಂಡೆಯನ್ನು ಏರುವಾಗ ಹೊರಡಿಸುತ್ತಿದ್ದ ನಾದವನ್ನು ಕೇಳಿ, ಲಸಿಕೆಯವನು ಬಂದನೆಂದು ದನಗಳನ್ನು ಮನೆಯ ಮುಂದೆ ಕಟ್ಟಿ ಕಾಯುವ ಊರುಗಳಿದ್ದವು. ಹಾಗೆ ಕಾಯುತ್ತಿದ್ದ ಮುಖಗಳನ್ನು ನೆನೆದಾಗ, ಸಂಬಳಕ್ಕಿಂತ ದೊಡ್ಡದೊಂದನ್ನು ಆ ಗಾಡಿ ನನಗೆ ದೊರಕಿಸಿಕೊಟ್ಟಿತೆಂದು ಮನಸ್ಸು ತುಂಬಿಬರುತ್ತದೆ. 1996ರಲ್ಲಿ ಮೈಸೂರಿನ ಕಾರ್ಖಾನೆಯ ಬಾಗಿಲು ಮುಚ್ಚಿದ ವಾರ್ತೆಯನ್ನು ಓದಿದ ದಿನ, ನಮ್ಮ ಬಂಧುಗಳೊಬ್ಬರ ಮನೆಗೆ ಬೀಗ ಬಿದ್ದಂತೆ ಆಯಿತು.

ಅಷ್ಟರಲ್ಲಿ ಕಾಲ ಬದಲಾಗಿದ್ದಿತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಎಂಬ ನಾಲ್ಕು ಸ್ಟ್ರೋಕಿನ ಗಾಡಿ ಬಂದು, ಪೆಟ್ರೋಲಿಗೆ ಎಣ್ಣೆ ಬೆರೆಸುವ ಕಾಲವನ್ನು ಮುಗಿಸತೊಡಗಿತು. ಒಂದು ಲೀಟರಿನಲ್ಲಿ ಬಹುದೂರ ಸಾಗುವ ಇಂತಹ ಸಣ್ಣ ಗಾಡಿಗಳು ಶಿಕ್ಷಕರನ್ನೂ, ಹಾಲಿನ ಕ್ಯಾನುಗಳನ್ನೂ, ಕಣಿಕಿಯ ಹೊರೆಗಳನ್ನೂ ಹೊತ್ತವು. ನನ್ನ ನೌಕರಿಯ ಕೊನೆಯ ವರ್ಷಗಳೂ ಅಂತಹದೊಂದರ ಮೇಲೆಯೇ ಕಳೆದವು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ದೇಶದ ಹಳ್ಳಿಗಳಿಗೆ ಡಾಂಬರು ಹರಿಯತೊಡಗಿತು. ಬಸುರಿ ಹೆಣ್ಣುಮಗಳನ್ನು ಚಕ್ಕಡಿಯಲ್ಲಿ ಮಲಗಿಸಿ ಕೆಸರು ದಾಟಿಸಿದ್ದನ್ನು ಕಣ್ಣಾರೆ ಕಂಡ ನಾನು, ಆ ಡಾಂಬರಿಗೆ ಕೈಮುಗಿಯುತ್ತೇನೆ.

ವಿಶೇಷವೆಂದರೆ, ಊರಿಗೆ ರಸ್ತೆ ಬಂದ ಮೇಲೆಯೇ ನಮ್ಮ ದೇಶದಲ್ಲಿ ಟ್ರೇಲ್ ಬೈಕುಗಳು ತಯಾರಾಗತೊಡಗಿದವು. 2011ರಲ್ಲಿ ಹೀರೋ ಕಂಪನಿಯ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ 200 ಬಂದವು. ಈ ಕೊನೆಯದರ ಮುಂದಿನ ಗಾಲಿ 21 ಇಂಚು. ಅದರ ಒಡಲು ನೆಲದಿಂದ 220 ಮಿಲಿಮೀಟರ್ ಎತ್ತರ. 2022ರಲ್ಲಿ ಯೆಜ್ಡಿಯ ಹೆಸರೂ ಮರುಹುಟ್ಟು ಪಡೆದು, ಅದರಲ್ಲಿಯೂ ಅಡ್ವೆಂಚರ್ ಎಂಬ ಎತ್ತರದ ಗಾಡಿಯೊಂದು ಹೊರಬಂದಿತು. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ದಕ್ಷಿಣ ಅಮೆರಿಕದ ಮರುಭೂಮಿಗಳಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿ, ಆ ಸಾಧನೆ ಮಾಡಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಅವರು 2019ರಲ್ಲಿ ಬಾಜಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದರು. ಕನ್ನಡನಾಡಿನ ಈ ಮಕ್ಕಳ ವಾರ್ತೆಯನ್ನು ಕೇಳುವಾಗ, ಅನ್ಯಖಂಡದ ಮರಳಿನಲ್ಲಿ ಪಾದಗಟ್ಟಿನ ಮೇಲೆ ಎದ್ದು ನಿಂತ ಆ ಸವಾರರಿಗೂ, ಎದೆಗೆ ಫ್ಲಾಸ್ಕು ಕಟ್ಟಿಕೊಂಡು ನಿಲ್ಲುತ್ತಿದ್ದವನಿಗೂ ಮೊಣಕಾಲಿನ ಭಾಷೆ ಒಂದೇ ಅಲ್ಲವೇ ಎಂದು ನನ್ನ ಮನಸ್ಸು ಹಿಗ್ಗುತ್ತದೆ.

ನನ್ನ ಮೊಮ್ಮಗನೂ ಈಗ ಇಂತಹುದೇ ಒಂದು ಗಾಡಿಯ ಒಡೆಯ. ಮುಂದಿನ ಮಡ್‌ಗಾರ್ಡು ಗಾಲಿಯಿಂದ ಗೇಣೆತ್ತರದಲ್ಲಿದೆ. ಗೂಟಕ್ಕೆ ತೂಗುಹಾಕುವ ವಾಡಿಕೆ ಇನ್ನು ಬೇಕಿಲ್ಲ. ಎರಡು ವರ್ಷಗಳ ಹಿಂದೆ ಹಸ್ತ ಮಳೆಯ ಮರುದಿನ ಹೊಲದ ಕಡೆಗೆ ಹೋದವನು ಬಹಳ ಹೊತ್ತಾದರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಬಂದಿತು: “ಮುತ್ಯಾ, ಮುಂದಿನ ಗಾಲಿ ಚೊಲೋ ತಿರಗತೈತಿ, ಹಿಂದಿಂದು ನಿಂತ ಬಿಟ್ಟೈತಿ.” ಹಳೆಯ ಡಬ್ಬಿಯಿಂದ ಕುರ್ಪಿಯನ್ನು ತೆಗೆದುಕೊಂಡು ನಡೆದೇ ಹೋದೆ. ಅವನಿಗೆ ಕೆಲಸ ಹೇಳಿಕೊಡಬೇಕಾಗಲಿಲ್ಲ. ಸರಪಳಿಗೂ ಗಾಲಿಗೂ ನಡುವಿನ ಮಣ್ಣನ್ನು ಮಂಡಿಯೂರಿ ಕುಳಿತು ಮೆಲ್ಲಮೆಲ್ಲನೆ, ಹೋಳು ಹೋಳಾಗಿ, ನಮ್ಮ ತಂದೆಯವರ ರೀತಿಯಲ್ಲಿಯೇ ತೆಗೆದನು. ಕೆಲಸ ಮುಗಿದ ಮೇಲೆ ಹಳ್ಳದ ನೀರಿನಲ್ಲಿ ಕುರ್ಪಿಯನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಡಲು ಬಂದನು. “ನಿನ್ನ ಹತ್ತೇಕನ ಇರಲಿ” ಎಂದೆ.

ಅವ್ವನ ಕೈಯ ಆ ಕುರ್ಪಿ ಈಗ ಅವನ ಗಾಡಿಯ ಸೀಟಿನ ಕೆಳಗಿದೆ.